ಗಡಬಡ ಮಾಡಬ್ಯಾಡ್ರಿ, ನಾ ನಿಂತಿರತೇನಿ

ಮೊಮ್ಮಗಳು ಹುಟ್ಟಿದ್ದಾಳೆ! ಗೋಕಾಕದ ಆಸ್ಪತ್ರೆಯಲ್ಲಿ ಹುಟ್ಟಿ, ನಿನ್ನೆ ಮಧ್ಯಾಹ್ನ ಕೌಜಲಗಿಯ ನಮ್ಮ ಮನೆಗೆ ಬಂದಳು. ಇಷ್ಟೇ ಇಷ್ಟು ಜೀವ. ಬೆರಳು ಕೊಟ್ಟರೆ ಹಿಡಿದು ಬಿಡಲೊಲ್ಲಳು. ಅತ್ತಳೆಂದರೆ ಓಣಿಯ ಆ ತುದಿಯವರು ಏನಾಯಿತೆಂದು ಕೇಳಲು ಬರಬೇಕು, ಅಂಥ ಗಂಟಲು. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ. ಆದರೆ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಅದರ ಸಂಗಡವೇ ಇನ್ನೊಂದು ಸಂಗತಿ ಒಳಗೆ ಕೂತಿದೆ, ಅದೂ ಸುಮ್ಮನಿರಗೊಡುತ್ತಿಲ್ಲ. ಎರಡನ್ನೂ ಕೂಡಿಯೇ ಬರೆಯಬೇಕು.

ಹುಟ್ಟಿದ ಸುದ್ದಿ ಕೇಳಿದ ಕೂಡಲೇ ನಾನು ಆಸ್ಪತ್ರೆಯ ಎದುರಿನ ಮಿಠಾಯಿ ಅಂಗಡಿಗೆ ಓಡಿದೆ.

"ಪೇಡೆ ಕಟ್ಟಪಾ."

"ಗಂಡೇನ್ರಿ ಅಮ್ಮಾರ?"

"ಹೆಣ್ಣು."

"ಹಂಗಾದ್ರ ಜಿಲೇಬಿ ಒಯ್ಯರಿ. ಪೇಡೆ ಗಂಡಿಗೆ ಹಂಚತಾರ."

"ನನ್ನ ಮೊಮ್ಮಗಳಿಗೆ ಪೇಡೇನೂ ಬೇಕು, ಜಿಲೇಬೀನೂ ಬೇಕು. ಎರಡೂ ಕಟ್ಟು. ಮಾತು ಕಡಿಮಿ ಮಾಡು."

ಅವನು ನಕ್ಕು ಎರಡನ್ನೂ ಕಟ್ಟಿದ. ಕುಣಿಯುತ್ತ ಮೆಟ್ಟಿಲು ಹತ್ತಿ ಬಂದೆ. ಅಷ್ಟರಲ್ಲಿ ನರ್ಸಬಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದು, "ಅಪ್ಪ ಯಾರ್ರಿ? ಬರ್ರಿ ಇಲ್ಲಿ" ಎಂದಳು. ನಾನು ಗಕ್ಕನೆ ಹಿಂದೆ ತಿರುಗಿದೆ. ಬಾಗಿಲ ಕಡೆ ನೋಡಿದೆ, ಮೆಟ್ಟಿಲ ಕಡೆ ನೋಡಿದೆ. ಬಿಳಿ ಅಂಗಿ, ತೋಳು ಮಡಚಿದ ಕೈ, ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತ ಬರುವ ಆ ನಡಿಗೆಯನ್ನು ಕಣ್ಣು ಹುಡುಕಿತು. ನನ್ನ ಪಕ್ಕದ ಬಾಕಿನ ಮೇಲೆ ಕೂತಿದ್ದ ನಮ್ಮ ಅಳಿಯ ಎದ್ದು ಹೋಗಿ ಕೂಸನ್ನು ತೆಗೆದುಕೊಂಡ. ಆಗ ನನಗೆ ನೆನಪಾಯಿತು. ನಾನು ಹುಡುಕಿದವನು ಮಣ್ಣಿಗೆ ಹೋಗಿ ವರ್ಷಗಳಾದವು.

ಅವನು ನನ್ನ ಮಗಳ ಮೊದಲನೆಯ ಗಂಡ. ಕಲ್ಲೋಳಿಯವನು. ವಯಸ್ಸಿನಲ್ಲಿ ಸಣ್ಣವನಾದರೂ ಊರಿಗೆ ಮುಂದಾಳು. ಅಳಿಯನನ್ನು ಬಹುವಚನದಲ್ಲಿ ಮಾತಾಡಿಸಬೇಕು, ನನಗೆ ಗೊತ್ತಿಲ್ಲದ್ದೇನಲ್ಲ. ಅವನೇ ಬಿಡಲಿಲ್ಲ. "ಅತ್ತೀ, ಊರ ಮಂದಿ ಎಲ್ಲಾ ರೀ ಅಂತಾರ, ಕಿವಿ ದಣದಾವ. ನೀವಾದ್ರೂ ಬಾ ಹೋಗು ಅನ್ರಿ" ಎನ್ನುತ್ತಿದ್ದ. ಸಮಾಜದ ಹುಡುಗರನ್ನು ಕೂಡಿಸಿ ರಕ್ತ ಕೊಡಿಸುವುದು, ಬಡವರ ಮದುವೆಗೆ ನಿಲ್ಲುವುದು, ಮಸೂತಿ ಓಣಿಯವರಿಗೂ ಮಠದ ಓಣಿಯವರಿಗೂ ನೀರಿಗಾಗಿ ಜಗಳ ಬಿದ್ದರೆ ನಡುವೆ ಹೋಗಿ ಕೂಡುವುದು, ಇದೇ ಅವನ ಉದ್ಯೋಗ. ಹೊಲದ ಕೆಲಸ ಉಳಿದ ಹೊತ್ತಿನಲ್ಲಿ.

ಊರಿಗೆ ಕಸದ ಗಾಡಿ ಬಂದದ್ದೂ ಅವನ ಓಡಾಟದಿಂದಲೇ. ಗಾಡಿಯ ಮೇಲೆ ಒಂದು ಸ್ಪೀಕರು. ಅದರಲ್ಲಿ ಎಲ್ಲಿಯದೋ ಹೆಣ್ಣುಮಗಳೊಬ್ಬಳು ಪುಸ್ತಕದ ಭಾಷೆಯಲ್ಲಿ, "ಮಾನ್ಯ ನಾಗರಿಕರೇ, ನಿಮ್ಮ ಮನೆಯ ತ್ಯಾಜ್ಯವನ್ನು ವಿಂಗಡಿಸಿ ನೀಡಿ" ಎಂದು ಹೇಳುತ್ತಿದ್ದಳು. ತ್ಯಾಜ್ಯವೆಂದರೆ ಏನೆಂದು ಯಾರಿಗೆ ಗೊತ್ತು? ಮಂದಿಗೆ ಅದು ವ್ಯಾಜ್ಯ ಎಂದು ಕೇಳಿಸಿತು. ಎರಡನೆಯ ದಿನವೇ ಒಬ್ಬ ಮುದುಕ ತಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಗಾಡಿಯ ಮುಂದೆ ಬಂದು ನಿಂತ.

"ನಮ್ಮ ಮನಿ ವ್ಯಾಜ್ಯ ಇದು ನೋಡ್ರಿ. ಒಡ್ಡು ಒತ್ತಿ ನನ್ನ ಹೊಲದಾಗ ಬಂದಾನ. ತಗೊಂಡ ಹೋಗ್ರಿ ಇವನ್ನ."

ಗಾಡಿಯ ಡ್ರೈವರ್ ಒಬ್ಬ ಸಾಬರ ಮನುಷ್ಯ, ನಗೆಗಾರ. "ಕಾಕಾ, ಇದು ಹಸೀದೋ ಒಣದೋ? ಬ್ಯಾರೆ ಬ್ಯಾರೆ ಡಬ್ಬಿ ಅದಾವ" ಎಂದನಂತೆ. ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ನನ್ನ ಅಳಿಯ ಮಾತ್ರ ಆ ಸಂಜೆ ಅಣ್ಣ ತಮ್ಮಂದಿರನ್ನು ಒಡ್ಡಿನ ಮೇಲೆಯೇ ಕೂಡಿಸಿ ಮಾತು ಮುಗಿಸಿ ಬಂದ. ಮರುದಿನ ಆ ಹೆಣ್ಣುಮಗಳ ದನಿ ತೆಗೆಸಿ ತನ್ನ ದನಿ ಹಾಕಿಸಿದ.

"ಅವ್ವಾರ, ಅಕ್ಕಾರ, ಕಾಕಾರ, ಕಸದ ಗಾಡಿ ಬಂದೈತ್ರಿ. ಹಸೀದು ಬ್ಯಾರೆ, ಒಣದು ಬ್ಯಾರೆ ತರ್ರಿ. ಗಡಬಡ ಮಾಡಬ್ಯಾಡ್ರಿ, ನಾ ನಿಂತಿರತೇನಿ."

ಇಷ್ಟೇ. ಆಮೇಲೆ ಊರಿನಲ್ಲಿ ಕಸ ಹೊರಗೆ ಬೀಳುವುದು ನಿಂತಿತು. ಮುದುಕಿಯರು ಮನೆಯೊಳಗಿಂದಲೇ "ನಿಲ್ಲೋ ಮಗನ, ಬಂದೆ" ಎಂದು ಆ ಸ್ಪೀಕರಿಗೆ ಉತ್ತರ ಕೊಡುತ್ತಿದ್ದರು. ನಾನು ಮಗಳ ಮನೆಗೆ ಹೋದಾಗ, ಅವನು ನನ್ನ ಎದುರೇ ಕೂತು ಚಹಾ ಕುಡಿಯುತ್ತಿರುವಾಗ, ಹೊರಗೆ ಅವನದೇ ದನಿ ಹಾಯ್ದು ಹೋಗುತ್ತಿತ್ತು. "ನೋಡ್ರಿ ಅತ್ತೀ, ನಾ ಮನ್ಯಾಗ ಕುಂತರೂ ದುಡಿಯಾಕತ್ತೇನಿ" ಎಂದು ನಗುತ್ತಿದ್ದ.

ಅವನು ಹೋದದ್ದು ಮಸಗುಪ್ಪಿಯ ಒಂದು ಮದುವೆಯಲ್ಲಿ. ಯಾರದೋ ಬಡವರ ಮಗಳ ಮದುವೆ, ಇವನು ಊಟಕ್ಕೆ ಬಡಿಸುತ್ತಿದ್ದ. ಬಡಿಸುತ್ತ ಬಡಿಸುತ್ತ ಬುಟ್ಟಿ ಕೆಳಗಿಟ್ಟು ಅಕ್ಕಿಯ ಚೀಲದ ಮೇಲೆ ಕೂತನಂತೆ. "ಪಿತ್ತ ಆಗೇತಿ, ಒಂದೀಟು ಸೋಡಾ ತರ್ರಿ" ಎಂದನಂತೆ. ಸೋಡಾ ತಂದವರು ಅವನು ಕಣ್ಣು ಮುಚ್ಚಿಕೊಂಡು ದಣಿವು ಆರಿಸಿಕೊಳ್ಳುತ್ತಿದ್ದಾನೆಂದು ತಿಳಿದು ಬಾಟಲಿ ಹಿಡಿದು ಸುಮ್ಮನೆ ನಿಂತರು. ಅವನು ಹಾಗೆ ಕೂತವನು ಏಳಲಿಲ್ಲ. ಇನ್ನೂ ಮೀಸೆ ಹೊಳೆಯುವ ವಯಸ್ಸು. ನನ್ನ ಮಗಳ ಕೈಯ ಹಸಿರು ಬಳೆ ಹಳೆಯವಾಗಿರಲಿಲ್ಲ. ಮಕ್ಕಳೂ ಆಗಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುತ್ತಾರೆ. ಅವನನ್ನೂ ವಿಭೂತಿ ಹಚ್ಚಿ, ಹೂವಿನ ನಡುವೆ ಕೂಡಿಸಿದ್ದರು. ಸಭೆಯಲ್ಲಿ ಯಾರದೋ ಮಾತು ಮುಗಿಯಲೆಂದು ಕಾಯುತ್ತ ಕೂತಂತೆ ಕಾಣುತ್ತಿದ್ದ. ಈಗ ಬಾಯಿ ತೆರೆದು ಏನೋ ಹೇಳುತ್ತಾನೆ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಮಸೂತಿ ಓಣಿಯವರು, ಮಠದ ಓಣಿಯವರು, ಎಲ್ಲರೂ ಹೆಗಲು ಕೊಟ್ಟರು. ಹೇಳಲಿಲ್ಲ ಅವನು.

ಹೇಳಿದ್ದು ಮರುದಿನ ಬೆಳಿಗ್ಗೆ. ಮನೆಯ ತುಂಬ ಅತ್ತು ಸಾಕಾದ ಹೆಂಗಸರು ಕೂತಿದ್ದೆವು. ಓಣಿಯ ತಿರುವಿನಿಂದ ಕೇಳಿಸಿತು. "ಅವ್ವಾರ, ಅಕ್ಕಾರ, ಕಾಕಾರ." ನನ್ನ ಮಗಳು ಸೆರಗು ಜಾರಿದ್ದೂ ಗೊತ್ತಿಲ್ಲದೆ ಎದ್ದು ಬಾಗಿಲಿಗೆ ಓಡಿದಳು. ಡ್ರೈವರ್ ಪಾಪ ರೂಢಿಯಿಂದ ಬಟನ್ ಒತ್ತಿಬಿಟ್ಟಿದ್ದ. "ಗಡಬಡ ಮಾಡಬ್ಯಾಡ್ರಿ" ಎನ್ನುವಾಗ ಅವನಿಗೇ ಎಚ್ಚರವಾಗಿ ಬಂದ್ ಮಾಡಿದ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅಳತೊಡಗಿದ. ಆಗ ನನ್ನ ಬೀಗತಿ, ಸತ್ತವನ ತಾಯಿ, ಹೊರಗೆ ಬಂದಳು.

"ಯಾಕ ಬಂದ್ ಮಾಡಿದಿ?"

"ತಪ್ಪಾತ್ರಿ ಅವ್ವಾ. ಲಕ್ಷ್ಯ ಇರಲಿಲ್ಲ."

"ಮಾತು ಅರ್ಧಾಕ್ಕ ನಿಂತೈತಿ. ಹಚ್ಚು. ಪೂರಾ ಆಡಲಿ."

ಅವನು ಹಚ್ಚಿದ. "ನಾ ನಿಂತಿರತೇನಿ" ಎಂದಿತು ಸ್ಪೀಕರು. ಆ ಎರಡು ಶಬ್ದ ಮೊದಲು ಎಷ್ಟು ಸಲ ಕೇಳಿದ್ದೆನೋ. ಆವತ್ತು ಕೇಳಿದಾಗ ನನ್ನ ಬೆನ್ನಿನಲ್ಲಿ ತಣ್ಣಗೆ ನೀರು ಸುರಿದಂತಾಯಿತು.

ಅಂದಿನಿಂದ ಅದು ನಿಲ್ಲಲಿಲ್ಲ. ದಿನ ಬೆಳಗಾದರೆ ಆ ದನಿ ಓಣಿಗೆ ಬರುವುದು, ಬೀಗತಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲುವುದು. ಇಬ್ಬರೇ ಹೆಂಗಸರ ಮನೆಯಲ್ಲಿ ಎಷ್ಟು ಕಸ ಬಿದ್ದೀತು? ಕಸವಿಲ್ಲದ ದಿನ ಹಿತ್ತಲಿಗೆ ಹೋಗಿ ಹಸಿರು ಎಲೆಗಳನ್ನೇ ಹರಿದು ಬುಟ್ಟಿ ತುಂಬುತ್ತಿದ್ದಳು. ನನ್ನ ಮಗಳು ಅದೇ ಹೊತ್ತಿಗೆ ಒಳಕೋಣೆಗೆ ಹೋಗಿ ಹಾಸಿಗೆಯಲ್ಲಿ ಕಿವಿ ಒತ್ತಿಕೊಂಡು ಬೀಳುತ್ತಿದ್ದಳು. ಒಂದೇ ದನಿ, ಒಬ್ಬಳಿಗೆ ಅದಿಲ್ಲದಿದ್ದರೆ ಅನ್ನ ಇಳಿಯದು, ಇನ್ನೊಬ್ಬಳಿಗೆ ಅದು ಕೇಳಿದರೆ ಇಳಿಯದು. ಮಗಳ ಮೈ ಕಡ್ಡಿಯಾಗತೊಡಗಿದಾಗ ಬೀಗತಿಯೇ ನನಗೆ ಫೋನು ಮಾಡಿ, "ಕರಕೊಂಡು ಹೋಗ್ರಿ ಬೀಗರ, ಇಲ್ಲಿ ಇಟ್ರ ಇಕಿನೂ ಉಳಿಯೂದಿಲ್ಲ" ಎಂದಳು. ಕೌಜಲಗಿಗೆ ಕರೆತಂದೆ.

ಒಂದು ಮಳೆಗಾಲದಲ್ಲಿ ಆ ಸ್ಪೀಕರು ಕೆಟ್ಟಿತು. ಗಾಡಿ ಬರೀ ಹಾರ್ನ್ ಹೊಡೆಯುತ್ತ ಬಂತು. ಬೀಗತಿ ಅದನ್ನು ಡ್ರೈವರನಿಂದ ಬಿಚ್ಚಿಸಿ, ಹಳೆಯ ಸೀರೆಯಲ್ಲಿ ಕೂಸಿನಂತೆ ಸುತ್ತಿಕೊಂಡು, ತಾನೇ ಬಸ್ಸು ಹತ್ತಿ ಮೂಡಲಗಿಗೆ ಹೋದಳು. ಅಲ್ಲಿ ಹುಕ್ಕೇರಿಯ ಕಡೆಯವನೊಬ್ಬ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ, ಇಂಥ ಯಂತ್ರಗಳನ್ನೂ ನೋಡುತ್ತಿದ್ದ. ಮುಂದಿನದನ್ನು ನನಗೆ ಬೀಗತಿಯೇ ಹೇಳಿದ್ದು. ಅವನು ಬಿಚ್ಚಿ, ಒರೆಸಿ, ತಂತಿ ಹಚ್ಚಿ ಚಾಲೂ ಮಾಡಿದ. ದನಿ ಬಂತು. ಇವಳು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವನು ನೀರು ಕೊಟ್ಟ. ಸ್ವಲ್ಪ ಹೊತ್ತಿನ ಮೇಲೆ, "ಅವ್ವಾರ, ಇದನ್ನ ನಿಮ್ಮ ಫೋನಿನ್ಯಾಗ ಹಾಕಿ ಕೊಡ್ಲೇನ್ರಿ? ಮನ್ಯಾಗ ಬೇಕಾದಾಗ ಕೇಳಬಹುದು" ಎಂದ.

"ಬ್ಯಾಡಪಾ. ಮನ್ಯಾಗ ಇಟಕೊಂಡ್ರ ನಾ ಹಗಲೆಲ್ಲಾ ಒದರಸತೇನಿ ಅವನ್ನ. ದಿನಾ ಒಮ್ಮೆ ಬಂದು ಹೋಗಲಿ. ದುಡ್ಯಾಕ ಹ್ವಾದ ಮಗಾ ಬಂದು ಹೋದಂಗ."

ಅವನು ತಲೆಯಾಡಿಸಿ, ಮಳೆಯ ನೀರು ಹೋಗದಂತೆ ಅದಕ್ಕೊಂದು ರಬ್ಬರಿನ ಟೊಪ್ಪಿಗೆ ಮಾಡಿ ಹಾಕಿದನಂತೆ. ಬೀಗತಿ ಆ ಟೊಪ್ಪಿಗೆಯನ್ನು ನೋಡಿಯೇ ಮನಸ್ಸಿನಲ್ಲಿ ಏನೋ ನಿಶ್ಚಯಿಸಿದಳು. ತಾಯಿ ತಂದೆ ಇಲ್ಲದವನು, ಅಣ್ಣನ ಮನೆ ಹುಕ್ಕೇರಿಯಲ್ಲಿ, ಇನ್ನೂ ಮದುವೆಯಾಗಿಲ್ಲ ಎಂದೆಲ್ಲ ವಿಚಾರಿಸಿಕೊಂಡು, ಒಂದು ದಿನ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಕೂತವಳೇ, "ನಮ್ಮ ಹುಡಿಗಿಗೆ ಒಂದು ಗಂಡು ನೋಡೇನ್ರಿ" ಎಂದಳು. ನಮ್ಮ ಯಜಮಾನರು ಚಹಾದ ಬಶಿ ಕೆಳಗಿಟ್ಟರು.

ಮಗಳು ಅಡುಗೆಮನೆಯಿಂದ ಬಂದಳು. "ಅತ್ತೀ, ನಾ ನಿಮಗ ಭಾರ ಆದ್ನೇನ್ರಿ?"

"ಭಾರ ಆಗಿದ್ರ ನಾನ ಹೊತಗೊಂಡು ತಿರಗತಿದ್ದೆ. ನೀ ಹಗರ ಆಗಾಕತ್ತೀಯಲ್ಲ ತಂಗಿ, ಅದಕ್ಕ ನನಗ ಅಂಜಿಕಿ."

ಮಗಳು ಒಪ್ಪಲು ಬಹಳ ದಿನ ಹಿಡಿಯಿತು. ಒಪ್ಪಿದ ಮೇಲೆ ಮಠದಲ್ಲಿ ಸಣ್ಣದಾಗಿ ಮದುವೆಯಾಯಿತು, ಮಾಲೆ ತಂದು ಕೈಗೆ ಕೊಟ್ಟವಳು ಬೀಗತಿಯೇ. ಮದುವೆ ಮುಗಿದು ಹೊರಡುವಾಗ ಮಾತ್ರ ನನ್ನನ್ನು ಮಗ್ಗಲಿಗೆ ಕರೆದು, "ಇನ್ನ ನಾ ನಿಮ್ಮ ಕಡೆ ಬರೂದಿಲ್ರಿ. ಸಿಟ್ಟು ಅನಕೋಬ್ಯಾಡ್ರಿ. ಬರೂದಿಲ್ಲ, ಅಷ್ಟ" ಎಂದಳು. ಆ ಮಾತು ಹಾಗೆಯೇ ನಡೆಸಿದಳು. ಫೋನಿನಲ್ಲಿ ಚೆಂದ ಮಾತಾಡುವಳು, ಕರೆದರೆ ಬಾರಳು. ಮಗಳು ಬಸುರಿಯಾಗಿ ಕುಬಸ ಮಾಡಿದಾಗಲೂ ಸೀರೆ ಕಳಿಸಿದಳು, ತಾನು ಬರಲಿಲ್ಲ.

ಅದಕ್ಕೇ ಆಸ್ಪತ್ರೆಯಲ್ಲಿ ಮಗಳು ನನ್ನ ಕೈ ಹಿಡಿದು ಹೇಳಿದ್ದು: "ಯವ್ವಾ, ಅತ್ತೀನ ಕರಕೊಂಡು ಬಾಬೇ. ಅವರು ಎತ್ತಿಕೊಳ್ಳೂ ಮಟಾ ನಾ ಕೂಸನ್ನ ತೊಟ್ಟಲಕ್ಕ ಹಾಕೂದಿಲ್ಲ."

"ಅವರ ಮನಸಿಗೆ ನೋವು ಆಗಿದ್ರ, ಎಳದು ತರಾಕ ಬರತೈತೇನ?"

"ನೋವಾಗಿ ದೂರ ಉಳದ್ರ ನಾ ಈ ಕೂಸನ್ನ ಅವರ ಮನಿಯಿಂದ ಕದ್ದಕೊಂಡು ಬಂದಂಗ ಆಕ್ಕತಿ. ದಿನಾ ಹಾಲು ಕುಡಸೂವಾಗ ನನಗ ಅದ ಅನಸತೈತಿ."

ಅಳಿಯ ಅಲ್ಲೇ ನಿಂತಿದ್ದ. "ನೀವ ಹೋಗ್ರಿ ಅತ್ತೀ. ನಾ ಹ್ವಾದ್ರ ಅವರಿಗೆ ಬ್ಯಾಡ ಅನ್ನಾಕ ಸಂಕೋಚ ಆಕ್ಕತಿ" ಎಂದ.

ನಿನ್ನೆ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಕಲ್ಲೋಳಿಗೆ ಹೊರಟೆ. ಪೇಡೆಯ ಡಬ್ಬಿ ಮಡಿಲಲ್ಲಿ. ಕಿಟಕಿಯ ಹೊರಗೆ ಕಬ್ಬು, ಗೋವಿನಜೋಳ, ಮತ್ತೆ ಕಬ್ಬು. ಮೊಮ್ಮಗಳ ಮೂಗು ಬಾಯಿ ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ. ಊರು ಹತ್ತಿರ ಬಂದಾಗ ರಸ್ತೆಯ ಬದಿಯ ಒಂದು ಕಣಿಕೆಯ ಬಣವೆಯ ಮೇಲಿಂದ ಅವನು ನನಗೆ ಕೈ ಮುಗಿದ. ಜೀವ ಹಾರಿತು. ಅವನು ಸತ್ತಾಗ ಊರಿನವರು ಶ್ರದ್ಧಾಂಜಲಿಗೆಂದು ದೊಡ್ಡ ಫ್ಲೆಕ್ಸು ಕಟ್ಟಿಸಿದ್ದರು. ಯಾರೋ ರೈತ ಅದನ್ನು ಒಯ್ದು ಮಳೆಗೆ ಬಣವೆಯ ಮೇಲೆ ಹೊದಿಸಿದ್ದಾನೆ. ಬಿಸಿಲಿಗೆ ಮುಖ ಬೆಳ್ಳಗಾಗಿ ಅಳಿಸಿಹೋಗಿದೆ. ಕಣ್ಣಿಲ್ಲ, ಮೂಗಿಲ್ಲ. ಮುಗಿದ ಕೈ ಮಾತ್ರ ಉಳಿದಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾರದೋ ದನದ ಮೇವು ನೆನೆಯದಂತೆ ಕಾಯುತ್ತ ಕೂತಿದ್ದಾನೆ, ಇದ್ದಿದ್ದರೂ ಬೇಡ ಎನ್ನುತ್ತಿರಲಿಲ್ಲ ಎಂದುಕೊಂಡೆ. ಆದರೆ ಬಸ್ಸು ಮುಂದೆ ಹೋದ ಮೇಲೂ ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಬೀಗತಿ ಬಾಗಿಲಲ್ಲೇ ಇದ್ದಳು. ಬುಟ್ಟಿ ಪಕ್ಕದಲ್ಲಿತ್ತು.

"ಬರ್ರಿ ಬೀಗರ. ಹೆಣ್ಣಂತ? ಹುಡಿಗಿ ಫೋನ್ ಮಾಡಿದ್ಲು. ತಾಯಿ ಕೂಸು ಆರಾಮ?"

"ಆರಾಮ್ರಿ. ನಿಮ್ಮನ್ನ ಕರಿಯಾಕ ಬಂದೇನಿ. ಹಿಂಗ ಸೀರಿ ಉಟಕೊಳ್ರಿ, ಹೋಗೂನು."

ಅವಳು ಪೇಡೆ ಮುರಿದು ಬಾಯಿಗೆ ಹಾಕಿಕೊಂಡಳು. ನಾನು ಬಾಗಿಲ ಮೆಟ್ಟಿಲ ಮೇಲೆಯೇ ಕೂತೆ.

"ಬೀಗರ, ಖರೆ ಹೇಳ್ರಿ. ಅದು ನಿಮ್ಮ ಮಗನ ಕೂಸು ಅಲ್ಲಂತ ಸಂಕಟೇನ್ರಿ?"

"ಛೆ ಛೆ. ಬಾಯಾಗ ಹುಳಾ ಬೀಳಲಿ ಹಂಗಂದ್ರ."

"ಮತ್ತ ಯಾಕ ಬರವಲ್ರಿ? ಅಕಿ ತೊಟ್ಟಲಾ ಕಟ್ಟಾಕ ಬಿಡವಲ್ಲಳು. ಬಾಣಂತಿ ಅಳಬಾರದ್ರಿ."

ಬೀಗತಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಓಣಿಯ ತಿರುವಿನ ಕಡೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದಳು: "ಕುಬಸ, ತೊಟ್ಟಲಾ ಅಂತ ನಾ ನಿಮ್ಮಲ್ಲಿ ಬಂದ್ರ ಹುಡಿಗಿ ಅಂದ ತಿರುಗಿ ಕಳಸೂದಿಲ್ಲ, ವಸ್ತಿ ಇರಬೇಕಾಕ್ಕತಿ. ಮರುದಿನ ಮುಂಜಾನಿ ಅವಾ ಬರತಾನ. ಬಾಗಲಾ ಹಾಕಿರತೈತಿ. ಅವಾ ಹೋದಾಗಿಂದ ನಾ ಒಂದ ಮುಂಜಾನಿನೂ ತಪ್ಪಸಿಲ್ರಿ. ಹುಚ್ಚಿ ಅನ್ರಿ ಬೇಕಾದ್ರ. ನಾ ಇಲ್ಲದಾಗ ಬಂದು, ನಿಂತು, ನಮ್ಮವ್ವ ಎಲ್ಲಿ ಹ್ವಾದ್ಲು ಅಂದ್ರ?"

ಎಲ್ಲರೂ ಏನೇನೋ ತಿಳಿದಿದ್ದೆವು. ಸಿಟ್ಟು ಎಂದವರುಂಟು, ಹೊಟ್ಟೆಕಿಚ್ಚು ಎಂದವರೂ ಉಂಟು. ಇದೊಂದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ತಿರುವಿನಿಂದ ಬಂತು.

"ಅವ್ವಾರ, ಅಕ್ಕಾರ, ಕಾಕಾರ, ಕಸದ ಗಾಡಿ ಬಂದೈತ್ರಿ."

ಎಷ್ಟೋ ದಿನಗಳ ಮೇಲೆ ಕೇಳಿದೆ. ಸ್ಪೀಕರು ಹಳೆಯದಾಗಿ ದನಿ ಒಡೆದಿದೆ, ಎಲ್ಲೋ ಬಾವಿಯೊಳಗಿಂದ ಕರೆದಂತೆ. ಆದರೂ ಅವನೇ. ನಾನು ಸೆರಗು ಬಿಗಿದುಕೊಂಡೆ. ಬೀಗತಿಯ ಮುಖ ಮಾತ್ರ ತಟ್ಟನೆ ಹರೆಯದವಳ ಮುಖವಾಯಿತು. ಬುಟ್ಟಿ ಎತ್ತಿಕೊಂಡಳು. ಗಾಡಿ ಬಂದು ನಿಂತಿತು. "ಗಡಬಡ ಮಾಡಬ್ಯಾಡ್ರಿ, ನಾ ನಿಂತಿರತೇನಿ."

ನನ್ನ ಬಾಯಿಯಿಂದ ತಾನಾಗಿಯೇ ಬಂತು: "ಕೇಳಿದಿರೇನ್ರಿ? ಅವನ ಹೇಳಾಕತ್ತಾನಲ್ಲ. ಗಡಬಡ ಮಾಡಬ್ಯಾಡ್ರಿ ಅಂತ. ನೀವು ಕೂಸು ನೋಡಿಕೊಂಡು ಬರೂ ಮಟಾ ನಿಂತಿರತಾನ."

ಬೀಗತಿ ಬುಟ್ಟಿ ಹಿಡಿದುಕೊಂಡು ನನ್ನನ್ನೇ ನೋಡಿದಳು. ದಿನವೂ ಕೇಳಿದ ಮಾತನ್ನು ಮೊದಲ ಸಲ ಕೇಳಿದವಳ ಹಾಗೆ ನೋಡಿದಳು. ಡ್ರೈವರ್ ಕೆಳಗಿಳಿದು ಬುಟ್ಟಿ ಇಸಿದುಕೊಂಡ, ಅದರೊಳಗಿನ ಹಸಿರು ಎಲೆಗಳನ್ನು ಹಸಿ ಕಸದ ಡಬ್ಬಿಗೆ ಹಾಕಿದ.

"ಏ ಅಪ್ಪಾ," ಎಂದಳು ಬೀಗತಿ, "ನಾಳೆ ನಾ ಇರೂದಿಲ್ಲ. ಕೌಜಲಗಿಗೆ ಹೊಂಟೇನಿ. ನಮ್ಮ ಹುಡಿಗಿ ಹಡದಾಳ."

"ಹೋಗಿ ಬರ್ರಿ ಅವ್ವಾ. ಭಾಳ ಚಲೋ ಆತು."

"ಬಾಗಲಾ ಹಾಕಿರತೈತಿ. ಹಾಕೈತಂತ ಮುಂದ ಹೋಗಿಬಿಡಬ್ಯಾಡ. ದಿನಾ ನಿಂತಂಗ ನಿಂತು, ಪೂರಾ ಕೇಳಿಸಿ ಹೋಗು."

"ಆತ್ರಿ" ಎಂದ ಅವನು. ನಗೆಗಾರ ಮನುಷ್ಯ, ನಗಲಿಲ್ಲ. ಪೇಡೆ ಕೊಟ್ಟೆ, ಹಣೆಗೆ ಒತ್ತಿಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡ.

ನಾವು ಕೌಜಲಗಿಗೆ ಬಂದಾಗ ಕೂಸು ನಮಗಿಂತ ಮೊದಲೇ ಮನೆಗೆ ಬಂದಿತ್ತು. ಬೀಗತಿ ಕೈಕಾಲು ತೊಳೆದು, ಮಗಳ ಹಾಸಿಗೆಯ ಹತ್ತಿರ ಕೂತು, ಕೂಸನ್ನು ಎತ್ತಿ ಬೆಳಕಿಗೆ ಹಿಡಿದಳು. ಹಣೆ ನೋಡಿದಳು, ಗದ್ದ ನೋಡಿದಳು. ಅಲ್ಲಿ ಇಲ್ಲದ ಮುಖವನ್ನು ಹುಡುಕಬೇಡಿ ಎಂದು ಹೇಳಬೇಕೆನಿಸಿತು. ಆಸ್ಪತ್ರೆಯಲ್ಲಿ ನಾನೇ ಹುಡುಕಿದ್ದೆ, ಯಾವ ಬಾಯಿಂದ ಹೇಳಲಿ?

"ಮೂಗು ಅಪ್ಪಂದ ಬಂದೈತಿ," ಎಂದಳು ಕೊನೆಗೆ. ಬಾಗಿಲಲ್ಲಿ ನಿಂತ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, "ಪುಣ್ಯಾ, ಕಿವಿ ಬಂದಿಲ್ಲ" ಎಂದಳು. ಅಳಿಯನ ಕಿವಿ ಸ್ವಲ್ಪ ಅಗಲ. ಎಲ್ಲರೂ ನಕ್ಕೆವು, ಅವನೂ ನಕ್ಕು ಕಿವಿ ಮುಟ್ಟಿಕೊಂಡ. ಮಗಳು ಮಾತ್ರ ಅತ್ತೆಯ ಹೆಗಲಿಗೆ ಹಣೆ ಹಚ್ಚಿ ಅತ್ತಳು. ಬಾಣಂತಿ ಅಳಬಾರದು ಎಂದು ಯಾರೂ ಹೇಳಲಿಲ್ಲ.

ನಮ್ಮ ಯಜಮಾನರು ಕೂಸಿನ ಮುಂದೆ ಬಗ್ಗಿ, "ನೋಡವಾ, ಯಾರು ಬಂದಾರ ನೋಡು. ನಿಮ್ಮ..." ಎಂದು ಅಲ್ಲಿಗೇ ನಿಂತರು. ತಾಯಿಯ ಮೊದಲ ಗಂಡನ ತಾಯಿಗೆ ಏನೆನ್ನಬೇಕು? ಕಾಕಾ, ಮಾಮಾ, ಚಿಗವ್ವ, ಎಲ್ಲಕ್ಕೂ ನಮ್ಮಲ್ಲಿ ಹೆಸರುಂಟು, ಇದಕ್ಕಿಲ್ಲ.

"ಹೆಸರು ಸಿಗವಲ್ದು ಹೌದಲ್ರಿ ಬೀಗರ?" ಎಂದಳು ಬೀಗತಿ.

"ಅದು ಮಾತು ಕಲತಾಗ ಏನರ ಅನ್ನಲಿ ಬಿಡ್ರಿ," ಎಂದ ಅಳಿಯ. "ನಾವ್ಯಾಕ ಈಗ ತಲಿ ಕೆಡಿಸಿಕೋಬೇಕು?"

ಸಂಜೆ ಬೀಗತಿಯ ಕೈಯಿಂದಲೇ ಕೂಸನ್ನು ತೊಟ್ಟಿಲಿಗೆ ಹಾಕಿಸಿದೆವು. ಆಮೇಲೆ ಪಡಸಾಲೆಯಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಯಜಮಾನರು, ಮಗ, ಅಳಿಯ, ಗೋಡೆಗೆ ಒರಗಿ ಮಗಳು, ಅವಳ ಪಕ್ಕ ಬೀಗತಿ, ನಾನು. ಸೊಸೆ ಗೋಧಿ ಹುಗ್ಗಿ, ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು, ಬಡಿಸಿ ತಾನೂ ಕೂತಳು. ಬೀಗತಿ ನಮ್ಮ ಮನೆಯಲ್ಲಿ ಹಿಂದೆ ಎಷ್ಟೋ ಸಲ ಉಂಡಿದ್ದಾಳೆ, ಬೀಗರು ಉಣ್ಣುವಂತೆಯೇ ಉಂಡಿದ್ದಾಳೆ. ಎಲ್ಲಾ ಚಲೋ ಆಗೈತಿ, ಸಾಕ್ರಿ, ಬ್ಯಾಡ್ರಿ ಎನ್ನುತ್ತ. ನಿನ್ನೆ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಬಾಯಿಗಿಟ್ಟಳು, ಜಗಿಯುತ್ತ ಜಗಿಯುತ್ತ ನಡುವೆಯೇ ನಿಲ್ಲಿಸಿದಳು.

"ಯಾರು ಮಾಡಿದ್ದು ಈ ಎಣ್ಣಿಗಾಯಿ? ಉಪ್ಪು ಹಾಕಾಕ ಮರತಿಯೇನ ತಂಗಿ?"

ಸೊಸೆ ನಾಲಿಗೆ ಕಚ್ಚಿಕೊಂಡಳು. ನಾವೆಲ್ಲ ಉಪ್ಪಿಲ್ಲದ ಪಲ್ಯವನ್ನು ಮರ್ಯಾದೆಗಾಗಿ ಸುಮ್ಮನೆ ನುಂಗುತ್ತಿದ್ದೆವು. ಮಗಳು ಬಾಯಲ್ಲಿ ತುತ್ತು ಇಟ್ಟುಕೊಂಡೇ ಗಟ್ಟಿಯಾಗಿ ನಕ್ಕಳು. ಅಳಿಯ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದ. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಸುತ್ತಿ ಬಂತು, ಎಲ್ಲರೂ ಉದುರಿಸಿಕೊಂಡು ಉಂಡೆವು.